ಬಿಸಿನೀರಿಗೆ ಒಂದು ಚೊಂಬು ತಣ್ಣೀರು

ಅವ್ವ ತಣ್ಣೀರಿನ ಚೊಂಬು ಎತ್ತಿದವಳು ಹಾಗೇ ನಿಂತುಬಿಟ್ಟಳು. ಮೊಳಕಾಲ್ಮೂರಿನ ನಮ್ಮ ಹಿತ್ತಲಲ್ಲಿ ರೇಷ್ಮೆ ನೂಲು ಬೇಯಿಸಿದ ನೀರನ್ನು ಚೆಲ್ಲುವ ಮುನ್ನ, ನೆಲದ ಹುಳುಗಳು ಸಾಯದಿರಲೆಂದು ತಣ್ಣೀರು ಬೆರೆಸುವುದು ಅವಳ ರೂಢಿ. ಇದು ತೊಂಬತ್ತರ ದಶಕದ ಮಾತು. ಕುದಿಯುವ ಬುಗ್ಗೆಗಳಲ್ಲೂ ಕಣ್ಣಿಗೆ ಕಾಣದ ಜೀವಿಗಳಿವೆ, ಅಂಥವನ್ನೇ ಮಂಗಳ ಗ್ರಹದಲ್ಲೂ ಹುಡುಕುತ್ತಿದ್ದಾರೆ ಎಂದು ಕಾಲೇಜಿನಲ್ಲಿ ಕೇಳಿದ್ದನ್ನು ಆಗಷ್ಟೇ ಅವಳಿಗೆ ಹೇಳಿದ್ದೆ.

“ಹಂಗಾದ್ರೆ ಅವುಕ್ಕೆ ತಣ್ಣೀರು ಹುಯ್ದ್ರೆ ಚಳಿ ಆಗಲ್ವೇನೇ?”

ಸಂಜೆಬೆಳಕಿನಲ್ಲಿ ಮೇಲೇರುತ್ತಿದ್ದ ಹಬೆಯ ಹಿಂದೆಯೇ ಅವ್ವನ ಕಣ್ಣೂ ಆಕಾಶಕ್ಕೆ ಹೋಯಿತು. ಒಂದಿಷ್ಟು ಬಿಸಿನೀರನ್ನು ಹಾಗೇ ಒಗೆಯುವ ಕಲ್ಲಿನ ಮೇಲೆ ಸುರಿದಳು. “ಇದು ಅವುಕ್ಕೆ,” ಎಂದು ಮಿಕ್ಕಿದ್ದಕ್ಕೆ ತಣ್ಣೀರು ಬೆರೆಸಿದಳು.

ಈಗಲೂ ಬಿಸಿನೀರು ಚೆಲ್ಲುವಾಗ ಒಂದು ಲೋಟದಷ್ಟನ್ನು ಹಾಗೇ ಕಲ್ಲಿನ ಮೇಲೆ ಬಿಡುತ್ತೇನೆ. ಅದರ ಹಬೆ ಕರಗುವವರೆಗೂ ಒಳಗೆ ಹೋಗಲು ಮನಸ್ಸಾಗುವುದಿಲ್ಲ.