ನಾನು ನೋಡಿಲ್ಲವೆಂದ ಹುಳ

ನಾನು ಅದನ್ನು ನೋಡಿದ್ದೆ, ಸೋನಾ. ಜೀವಂತವಾಗಿ, ನಿನ್ನ ಕೈಯ ಮೇಲೆ, ಕೊಣ್ಣೂರಿನ ಕಾಲುವೆ ದಂಡೆಯ ಜಾಲಿಗಿಡದ ಕೆಳಗೆ — ನೀನು ನೋಡಿದಷ್ಟೇ ಚೆನ್ನಾಗಿ ನೋಡಿದ್ದೆ. ಆರು ದಿನ ಕಳೆದು ಮಾಸ್ತರು ಎಲ್ಲರ ಎದುರು ಕೇಳಿದಾಗ ನೋಡಿಲ್ಲ ಎಂದೆ. ಮರೆತು ಹೇಳಿದ ಮಾತಲ್ಲ, ಹೆದರಿ ಹೇಳಿದ ಮಾತೂ ಅಲ್ಲ. ಹೊಟ್ಟೆಕಿಚ್ಚಿನಿಂದ ಹೇಳಿದೆ. ಇದನ್ನು ಒಂದು ಸಾಲಿನಲ್ಲಿ ಬರೆಯಲು ನನಗೆ ಹತ್ತು ವರ್ಷ ಬೇಕಾಯಿತು.

ಆಗ ನಾವಿಬ್ಬರೂ ಗೋಕಾಕದ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ವರ್ಗದಲ್ಲಿದ್ದೆವು. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ವರ್ಗದಲ್ಲಿ ಹುಡುಗಿಯರು ನಾವಿಬ್ಬರೇ, ಆದ್ದರಿಂದ ಒಂದೇ ಬೆಂಚು. ನಮ್ಮಪ್ಪನದು ಪೇಟೆಯಲ್ಲಿ ಬಟ್ಟೆಯ ಅಂಗಡಿ. ನಿಮ್ಮಪ್ಪ ಕಾಲುವೆಯ ತೂಬು ಎತ್ತಿ ಇಳಿಸುವ ಕೆಲಸದವರು. ನೀನು ದಿನವೂ ಕೊಣ್ಣೂರಿನಿಂದ ಬಸ್ಸಿಗೆ ಬರುತ್ತಿದ್ದೆ, ಒಮ್ಮೊಮ್ಮೆ ಬಸ್ಸು ತಪ್ಪಿಸಿಕೊಂಡು ಧೂಳುಗಾಲಲ್ಲಿ ನಡೆದೇ ಬರುತ್ತಿದ್ದೆ. ಐದನೆಯ ಇಯತ್ತೆಯಿಂದ ಮೊದಲ ನಂಬರು ನನ್ನದೇ ಆಗಿತ್ತು. ಅದರಲ್ಲಿ ನಿನಗೆ ಆಸೆಯೂ ಇರಲಿಲ್ಲ — ಈಗ ಅನಿಸುತ್ತದೆ, ಅದೇ ನನಗೆ ತಡೆಯಲಾಗದ್ದು.

ವಿಜ್ಞಾನ ಕಲಿಸುತ್ತಿದ್ದ ದೇಸಾಯಿ ಮಾಸ್ತರರಿಗೆ ಹುಳಗಳೆಂದರೆ ಜೀವ. ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ, ಬೇಕಾದವರನ್ನು ಕೂರಿಸಿಕೊಂಡು ಒಂದು ತಾಸು ಕೀಟಗಳ ಪಾಠ ಹೇಳುತ್ತಿದ್ದರು. “ಮೊದಲ ಕಾಲ ಎಣಸ್ರಿ. ಆರಿದ್ರ ಮುಂದ ಮಾತಾಡೋಣ,” ಎನ್ನುವರು. ತಲೆ, ಎದೆ, ಹೊಟ್ಟೆ. ಕಾಲುಗಳೂ ರೆಕ್ಕೆಗಳೂ ಹುಟ್ಟುವುದು ಎದೆಯಿಂದ, ಹೊಟ್ಟೆಯಿಂದಲ್ಲ. ಯಾವ ಗಣದ ಹುಳ ಎಂದು ತಿಳಿಯಬೇಕಾದರೆ ರೆಕ್ಕೆ ನೋಡು, ಬಾಯಿ ನೋಡು. ನಾನು ಎಲ್ಲವನ್ನೂ ಬಾಯಿಪಾಠ ಮಾಡಿದ್ದೆ. ಜೀರುಂಡೆಗೆ ಮುಂದಿನ ರೆಕ್ಕೆ ಗಟ್ಟಿ ಚಿಪ್ಪು, ನೊಣಕ್ಕೆ ಎರಡೇ ರೆಕ್ಕೆ, ತಿಗಣೆಗೆ ಚುಚ್ಚಿ ಹೀರುವ ಬಾಯಿ — ಕೇಳಿದರೆ ನಿಲ್ಲದೆ ಹೇಳುತ್ತಿದ್ದೆ.

ಒಂದು ಶನಿವಾರ ಮಾಸ್ತರು ತಾವೇ ಹಿಡಿದು ಟಾಚಣಿ ಸೂಜಿ ಚುಚ್ಚಿ ಇಟ್ಟಿದ್ದ ಜೇನುಹುಳವನ್ನು ತೋರಿಸುತ್ತಿದ್ದರು. ನೀನು ಬಗ್ಗಿ ನೋಡಿ, “ಸರ್, ಇದು ಜೇನಹುಳ ಅಲ್ರಿ. ಎರಡ ರೆಕ್ಕಿ ಅದಾವ ನೋಡ್ರಿ. ನೊಣ ಐತ್ರಿ ಇದು, ಜೇನಿನ ಬಣ್ಣಾ ಹಚ್ಕೊಂಡೈತಿ,” ಎಂದೆ. ಮಾಸ್ತರು ಭೂತಗನ್ನಡಿ ಹಿಡಿದು ನೋಡಿದರು. ಆಮೇಲೆ ನಕ್ಕರು — ತಪ್ಪು ಸಿಕ್ಕಿದ್ದಕ್ಕೆ ಅಷ್ಟು ಸಂತೋಷಪಟ್ಟವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. “ನೀಲಾ ಪುಸ್ತಕಾ ನೋಡ್ತಾಳ, ಸೋನಾ ಹುಳಾ ನೋಡ್ತಾಳ,” ಎಂದರು.

ಅವರು ನನ್ನನ್ನು ಬೈದಿರಲಿಲ್ಲ. ಆದರೂ ಆ ದಿನದಿಂದ ನಾನು ನಿನ್ನನ್ನು ಕಾಯಲು ಶುರು ಮಾಡಿದೆ — ನೀನು ಏನನ್ನು ನೋಡುತ್ತೀ, ಎಷ್ಟು ಹೊತ್ತು ನೋಡುತ್ತೀ, ಮಾಸ್ತರು ನಿನ್ನ ಕಡೆ ಎಷ್ಟು ಸಲ ತಿರುಗುತ್ತಾರೆ. ನನ್ನ ಕೀಟಗಳಿಗೆ ಅಪ್ಪ ಬಡಿಗನಿಂದ ಗಾಜಿನ ಮುಚ್ಚಳದ ತೇಗದ ಪೆಟ್ಟಿಗೆ ಮಾಡಿಸಿಕೊಟ್ಟಿದ್ದರು. ನಿನ್ನದು ಬೂಟಿನ ರಟ್ಟಿನ ಡಬ್ಬಿ. ಮಾಸ್ತರು ಮೊದಲು ತೆರೆಯುತ್ತಿದ್ದುದು ಆ ರಟ್ಟಿನ ಡಬ್ಬಿಯನ್ನು.

ವರ್ಷದ ಕೊನೆಗೆ ಯಾರ ಸಂಗ್ರಹ ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರಿಗೆ ಧಾರವಾಡದ ಕಾಲೇಜಿನಲ್ಲಿ ಸೀಟು, ವಸತಿಗೃಹದಲ್ಲಿ ಜಾಗ ಕೊಡಿಸಲು ತಮ್ಮ ಗುರುಗಳಿಗೆ ಪತ್ರ ಬರೆಯುವೆನೆಂದು ಮಾಸ್ತರು ಹೇಳಿದ್ದರು. ಒಂದೇ ಪತ್ರ. ನನ್ನ ಅಪ್ಪನಿಗೆ ಆ ಪತ್ರವಿಲ್ಲದೆಯೂ ನನ್ನನ್ನು ಓದಿಸುವ ಶಕ್ತಿಯಿತ್ತು. ನಿನಗೆ ಅದೊಂದೇ ದಾರಿ. ಇದು ನನಗೆ ಗೊತ್ತಿತ್ತು — ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಗೊತ್ತಿತ್ತು.

ಆ ಭಾನುವಾರ ನೀನೇ ನನ್ನನ್ನು ಕರೆದಿದ್ದೆ. ನಿಮ್ಮವ್ವ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. ತಿಂದು ಕಾಲುವೆಯ ದಂಡೆಗೆ ಹೋದೆವು. ಜಾಲಿಯ ಟೊಂಗೆಯ ಮೇಲೆ ಬೆರಳಿನ ಎರಡು ಗೆಣ್ಣಿನಷ್ಟಿದ್ದ ಅದನ್ನು ಮೊದಲು ಕಂಡವಳು ನೀನು. ನಾನು ‘ಸೂರ್ಯನ ಕುದುರೆ’ ಎಂದೆ — ಕೈಮುಗಿದ ಹಾಗೆ ಮಡಚಿದ ಮುಂಗಾಲು, ಉದ್ದ ಕುತ್ತಿಗೆ, ತಿರುಗುವ ತಲೆ, ಇನ್ನೇನಿರಬೇಕು? ನೀನು ಕೈ ಚಾಚಿದೆ. ಅದು ನಿನ್ನ ಅಂಗೈ ಮೇಲೆ ನಡೆಯಿತು, ಹಾರಿತು, ಮತ್ತೆ ಟೊಂಗೆಗೆ ಕುಳಿತಿತು.

“ಏ ನೀಲಾ, ರೆಕ್ಕಿ ನೋಡ ಇದರದು! ಕುದುರಿ ರೆಕ್ಕಿ ಹಿಂಗ ಇರೂದಿಲ್ಲ. ನಾಕೂ ಬಲಿ ಹೆಣದಂಗ ಅದಾವ, ಛಪ್ಪರದಂಗ ಇಟಗೊಂಡೈತಿ. ಉಸುಕಿನ್ಯಾಗ ಕುಣಿ ತೋಡತೈತೆಲ್ಲ ಆ ಹುಳದ ಬಳಗ ಇದು!”

ಕುಣಿ ತೋಡಿ ಇರುವೆ ಹಿಡಿಯುವ ಆ ಹುಳವನ್ನು ನೀನು ಒಂದು ಭರಣಿಯ ಉಸುಕಿನಲ್ಲಿ ಸಾಕಿ, ಅದಕ್ಕೆ ರೆಕ್ಕೆ ಬರುವ ತನಕ ನೋಡಿದ್ದೆಯಂತೆ. ಅದಕ್ಕೇ ಕುದುರೆಯ ಮುಂಗಾಲನ್ನು ಕಂಡೂ ಮೋಸಹೋಗಲಿಲ್ಲ. ನಾನು ಎಲ್ಲ ಗಣಗಳ ಹೆಸರು ಬಲ್ಲವಳು. ಎದುರಿಗೆ ಬಂದದ್ದು ಮಾತ್ರ ನನಗೆ ತಿಳಿಯಲಿಲ್ಲ. ನೀನು ಅದನ್ನು ಸ್ಪಿರಿಟ್ಟಿನ ಅರಳೆಯಿದ್ದ ಸೀಸೆಗೆ ಇಳಿಸುವಾಗ ನಾನು ದೇವರಲ್ಲಿ ಬೇಡಿದೆ — ಸೀಸೆ ಜಾರಿ ಬೀಳಲಿ ಎಂದು.

ಜಾರಿ ಬೀಳಲಿಲ್ಲ. ಶನಿವಾರ ನೀನು ಡಬ್ಬಿ ತೆರೆದೆ. ಮಾಸ್ತರ ಮುಖ ಬೆಳಗುವುದನ್ನು ನಿರೀಕ್ಷಿಸಿದ್ದೆ, ಅದು ಗಂಟಿಕ್ಕಿತು. ಹಿಂದಿನ ತಿಂಗಳಷ್ಟೇ ಯಾರೋ ಕಣಜದ ಮೈಗೆ ಇರುವೆಯ ತಲೆ ಅಂಟಿಸಿ ತಂದು, ಹೊಸ ಹುಳವೆಂದು ಅವರನ್ನು ನಂಬಿಸಿ, ವರ್ಗವೆಲ್ಲ ನಕ್ಕಿತ್ತು. ಆ ಗಾಯ ಹಸಿಯಾಗಿತ್ತು. “ನೀನೂ ಅಂಟಿಸಿ ತಂದ್ಯಾ?” ಎಂದರು.

“ಇಲ್ರಿ ಸರ್, ಜೀವಂತ ಹಿಡದೀನ್ರಿ. ನೀಲಾನೂ ಇದ್ಳ್ರಿ. ಆಕಿನ ಕೇಳ್ರಿ.”

ನೀನು ನನ್ನ ಕಡೆ ನೋಡಲೂ ಇಲ್ಲ, ಸೋನಾ. ಅಷ್ಟು ನಂಬಿಕೆ. ನಾನು ಹೌದೆನ್ನುವುದರಲ್ಲಿ ನಿನಗೆ ಅನುಮಾನವೇ ಇರಲಿಲ್ಲ.

“ನೀಲಾ, ಇದು ಹಾರಿದ್ದನ್ನ ನೀ ನೋಡೀ ಏನ?”

“ಇಲ್ರಿ ಸರ್. ನಾ ನೋಡಿಲ್ರಿ.”

ಆಗ ನೀನು ತಿರುಗಿದೆ. ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ. ಹೊಸದೊಂದು ಹುಳವನ್ನು ನೋಡುವ ಹಾಗೆ ನನ್ನನ್ನು ನೋಡಿದೆ. ಮಾಸ್ತರು ಅದರ ಮುಂಗಾಲನ್ನು ಬೆರಳಲ್ಲಿ ಎಳೆದರು. ಆರು ದಿನ ಒಣಗಿದ ಕಾಲು — ಮುಟ್ಟಿದರೆ ಮುರಿಯದೆ ಇನ್ನೇನು? ಕಿತ್ತು ಬಂತು. ಅಂಟಿಸಿದ್ದಕ್ಕೆ ಅದೇ ಸಾಕ್ಷಿಯೆಂದು ಎಲ್ಲರೂ ನಕ್ಕರು. ಮಾಸ್ತರು ಟಾಚಣಿ ಸಮೇತ ಹುಳವನ್ನು ಕಿಟಕಿಯಾಚೆ ಎಸೆದರು. ನನಗೆ ಆ ಕ್ಷಣ ಸುಖವೆನಿಸಿತು. ಇದನ್ನೂ ಬರೆಯಬೇಕು — ಸುಖವೆನಿಸಿತು.

ಹೆಡ್‌ಮಾಸ್ತರು ನಿಮ್ಮಪ್ಪನನ್ನು ಕರೆಸಿದರು. ಮಗಳು ಮೋಸ ಮಾಡಿದಳೆಂಬ ಮಾತನ್ನು ಅವರು ರುಮಾಲು ಕೈಯಲ್ಲಿ ಹಿಡಿದು ನಿಂತು ಕೇಳಿದರು. ಸೋಮವಾರ ನಮ್ಮ ಬೆಂಚಿನಲ್ಲಿ ನಾನೊಬ್ಬಳೇ. ಪರೀಕ್ಷೆಗೂ ನೀನು ಬರಲಿಲ್ಲ. ಆ ಬೇಸಿಗೆಯಲ್ಲೇ ನಿನ್ನನ್ನು ಮೂಡಲಗಿಗೆ ಕೊಟ್ಟರೆಂದು ಕೇಳಿದೆ. ಮಾಸ್ತರ ಪತ್ರ ಹಿಡಿದು ನಾನು ಧಾರವಾಡಕ್ಕೆ ಹೋದೆ.

ಕಾಲೇಜಿನಲ್ಲಿ ಮೂರನೆಯ ವರ್ಷ, ಗ್ರಂಥಾಲಯದ ಒಂದು ದಪ್ಪ ಪುಸ್ತಕದಲ್ಲಿ ಅದರ ಚಿತ್ರವಿತ್ತು. ಕುದುರೆಯ ಮುಂಗಾಲು, ಬಲೆಯ ರೆಕ್ಕೆ. ಗಣ ನ್ಯೂರಾಪ್ಟೆರ — ಕುಣಿ ತೋಡುವ ಹುಳದ ಗಣವೇ. ನೀನು ಹೈಸ್ಕೂಲಿನಲ್ಲಿ, ಯಾವ ಪುಸ್ತಕವೂ ಇಲ್ಲದೆ, ಒಂದು ನಿಮಿಷದಲ್ಲಿ ಹೇಳಿದ್ದು. ನಾನು ಪುಸ್ತಕ ಮುಚ್ಚಿದೆ. ಅಂದೇ ನಿನಗೆ ಬರೆಯಬಹುದಿತ್ತು. ಮಾಸ್ತರಿಗೆ ಬರೆಯಬಹುದಿತ್ತು. ಬರೆಯಲಿಲ್ಲ. ಓದಿ, ಉಪನ್ಯಾಸಕಿಯಾಗಿ, ಹೊಸದಾಗಿ ಕಾಲೇಜು ಸೇರಿದ ಮಕ್ಕಳಿಗೆ ಕೀಟಗಳ ಎದೆ, ಹೊಟ್ಟೆ, ರೆಕ್ಕೆ ಕಲಿಸುತ್ತ ಉಳಿದೆ. ಎಷ್ಟೋ ಕಡೆ ಬಲೆ ಹಿಡಿದು ಅಲೆದೆ. ಆ ಹುಳ ನನಗೆ ಒಮ್ಮೆಯೂ ಸಿಗಲಿಲ್ಲ.

ಹೋದ ವರ್ಷ ಬೀಗರ ಮನೆಗೆಂದು ಮೂಡಲಗಿಗೆ ಬಂದಾಗ ಸಂತೆಯಲ್ಲಿ ನೀನೇ ಗುರುತು ಹಿಡಿದೆ. ಕೈ ಹಿಡಿದು ಮನೆಗೆ ಕರೆದುಕೊಂಡು ಹೋದೆ. ನಿನ್ನನ್ನು ಬಡವಾದವಳಾಗಿ, ನೊಂದವಳಾಗಿ ಕಾಣುವೆನೆಂದುಕೊಂಡಿದ್ದೆ — ಕಾಣಲು ಬಯಸಿದ್ದೆನೋ ಏನೋ. ನಿನ್ನ ಕಿಟಕಿಯ ಕಟ್ಟೆಯ ಮೇಲೆ ಬಟ್ಟೆ ಕಟ್ಟಿದ ಭರಣಿಗಳಿದ್ದವು. ಒಂದರಲ್ಲಿ ಎಲೆ ತಿನ್ನುವ ಹುಳ, ಒಂದರಲ್ಲಿ ಉಸುಕು. ನಿನ್ನ ಏಳು ವರ್ಷದ ಮಗಳು ಜೀರುಂಡೆಯೊಂದನ್ನು ತಂದು, “ತಲಿ, ಎದಿ, ಹೊಟ್ಟಿ,” ಎಂದು ನನಗೆ ಪಾಠ ಹೇಳಿದಳು.

ಚಹಾ ಕೊಟ್ಟು ನೀನೆಂದೆ: “ಆ ಹುಳ ಮತ್ತ ಸಿಕ್ಕಿತ್ತ ನನಗ. ಜೇಡರ ಹುಳದ ತತ್ತಿ ಚೀಲಾ ತಂದಿಟ್ಟಿದ್ನಿ, ಮರಿ ಬರ್ತಾವು ಅಂತ. ಮರಿ ಬರಲಿಲ್ಲ, ಅದಽ ಬಂತ ನೋಡ! ಒಳಗ ಕುಂತ ತತ್ತಿ ಎಲ್ಲಾ ತಿಂದಿತ್ತ.” ಆಮೇಲೆ, ಹಳೆಯದೇನೂ ನಡೆದೇ ಇಲ್ಲವೆಂಬಂತೆ: “ನೀ ಅಷ್ಟೆಲ್ಲಾ ಕಲ್ತೀದಿ. ಅದು ಯಾವ ಗಣದ್ದು ಅಂತ ತಿಳೀತೇನ?”

ಒಂದು ಶಬ್ದ ಸಾಕಿತ್ತು. ಆದರೆ ದೊಡ್ಡ ಪುಸ್ತಕಗಳಲ್ಲಿ ನಾನು ಓದಿದ್ದನ್ನು ನೀನು ಒಲೆಯ ಬಾಜೂ ಕುಳಿತು ಕಣ್ಣಾರೆ ಕಂಡಿದ್ದೆ. ಅದೇ ಕಿಚ್ಚು ಎದ್ದಿತು, ಅದೇ ಜಾಗದಿಂದ. “ಇಲ್ಲವ್ವಾ, ಗೊತ್ತಾಗಲಿಲ್ಲ,” ಎಂದೆ.

ಇಷ್ಟಕ್ಕೇ ನಿಲ್ಲಲಿಲ್ಲ. ಮುಂದಿನ ವಾರ ತರಗತಿಯಲ್ಲಿ ಆ ಗಣದ ಪಾಠ ಬಂತು. ಜೇಡರ ತತ್ತಿಚೀಲದಿಂದ ಅದು ಹೊರಬರುವುದನ್ನು ನಾನೇ ಮೂಡಲಗಿಯಲ್ಲಿ ನೋಡಿದೆನೆಂದು ಹೇಳಿದೆ. ಮಕ್ಕಳು ಬೆರಗಾದರು. ಕಂಡದ್ದನ್ನು ಕಂಡಿಲ್ಲವೆಂದಿದ್ದ ಬಾಯಿಯೇ ಕಾಣದ್ದನ್ನು ಕಂಡೆನೆಂದಿತು. ಮನೆಗೆ ಬಂದು ಕನ್ನಡಿ ನೋಡಲಾಗಲಿಲ್ಲ.

ಹಲವು ತಿಂಗಳು ತಡೆದುಕೊಂಡೆ. ಆಮೇಲೆ ನಿವೃತ್ತರಾಗಿ ಹುಕ್ಕೇರಿಯಲ್ಲಿದ್ದ ದೇಸಾಯಿ ಮಾಸ್ತರಲ್ಲಿಗೆ ಹೋಗಿ ಎಲ್ಲವನ್ನೂ ಹೇಳಿದೆ. “ನಾ ನಿನ್ನ ಕೇಳಬಾರದಿತ್ತ. ಹುಳಾನಽ ನೋಡಬೇಕಿತ್ತ. ಭೂತಗನ್ನಡಿ ಕಿಸೆದಾಗಽ ಇತ್ತ,” ಎಂದರು. ಆ ಮಾತಿನ ಮರೆಯಲ್ಲಿ ನಿಲ್ಲಲು ನನಗೆ ಅಧಿಕಾರವಿಲ್ಲ. ಅವರು ತಪ್ಪು ತಿಳಿದರು. ನಾನು ತಿಳಿದೂ ಹೇಳಿದೆ. ಹೊರಡುವಾಗ ಅವರು ನಿನ್ನ ವಿಳಾಸ ಕೇಳಿದರು, ಕೊಟ್ಟಿದ್ದೇನೆ.

ಅದು ನ್ಯೂರಾಪ್ಟೆರ, ಸೋನಾ. ನೀನು ಅಂದದ್ದೆಲ್ಲ ಖರೆ ಇತ್ತು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರುವ ಭಾನುವಾರ ನಾನೇ ತರುತ್ತೇನೆ. ಓದಿ ನೀನು ಬಾಗಿಲು ಹಾಕಿಕೊಂಡರೆ ನಾನು ಬಸ್ಸಿಗೆ ಹಿಂತಿರುಗುತ್ತೇನೆ. ಕ್ಷಮೆ ಕೇಳಲು ಬರುತ್ತಿಲ್ಲ.

ನಿನ್ನೆ ತರಗತಿಯಲ್ಲಿ ಪಾಠ ನಿಲ್ಲಿಸಿ ಹೇಳಿದೆ — ಆ ತತ್ತಿಚೀಲವನ್ನು ನಾನು ನೋಡಿರಲಿಲ್ಲ, ನೋಡಿದವಳು ನನ್ನ ಗೆಳತಿ ಸೋನಾ, ನಾನು ಸುಳ್ಳು ಹೇಳಿದ್ದೆ ಎಂದು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: “ಅವರೂ ಕಾಲೇಜಿನ್ಯಾಗ ಕಲಸ್ತಾರೇನ್ರಿ, ಬಾಯಾರ?”

“ಇಲ್ಲ,” ಎಂದೆ. “ಆಕಿನ್ನ ನಾ ಕಲೀಲಿಕ್ಕೆ ಬಿಡಲಿಲ್ಲ.”