ನಿಂತ ಕಾರಿನ ಸ್ಟೀರಿಂಗ್ ತಿರುಗಿಸದವಳು

ಆ ಮನೆಯಲ್ಲಿರುವ ಅಕ್ಕತಂಗಿಯರು ಇಬ್ಬರಲ್ಲ, ಮೂವರು ಎಂದು ಬೀದಿಯವರು ಹೇಳುತ್ತಿದ್ದರು. ಅಕ್ಕ, ತಂಗಿ, ಮತ್ತೆ ಶೆಡ್ಡಿನಲ್ಲಿ ಮಲಗುವ ಕಿರಿಯಳು. ಚಳಿ ಬಂದರೆ ಕಿರಿಯಳಿಗೇ ಮೊದಲು ಕಂಬಳಿ, ಅವಳ ಮೈ ಒರೆಸುವ ಬಟ್ಟೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಅವಳು ಕೆಮ್ಮಿದರೆ ಅಕ್ಕನಿಗೆ ಊಟ ಸೇರುವುದಿಲ್ಲ ಎಂದು ಸೇರಿಸಿ ನಗುತ್ತಿದ್ದರು. ಕಿರಿಯಳು ಎಂದರೆ ಒಂದು ಹಳದಿ ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಎತ್ತರ ಸೊಂಟದವರೆಗೆ. ಇಂಜಿನ್ ಬೆನ್ನ ಹಿಂದೆ. ತೂಕ ಏಳುನೂರು ಕಿಲೋ ದಾಟದು.

ಅಕ್ಕನಿಗೆ ಬೀದಿಯವರು ಇಟ್ಟ ಹೆಸರು ಗಟ್ಟಿಗಿತ್ತಿ. ಎದುರಿಗೆ ಅಕ್ಕ ಅನ್ನುವರು, ಬೆನ್ನ ಹಿಂದೆ ಗಟ್ಟಿಗಿತ್ತಿ ಅನ್ನುವರು. ಅವಳಿಗೆ ಎರಡೂ ಗೊತ್ತಿತ್ತು. ಎರಡನೆಯದೇ ಹೆಚ್ಚು ಇಷ್ಟವಾಗಿತ್ತು.

ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಸ್ಟೀರಿಂಗ್ ಬಿಚ್ಚಿ ಕಟ್ಟುವುದೇ ಅವಳ ಕೆಲಸವಾಗಿತ್ತು. ಸೇರಿದ ದಿನ ಫೋರ್‌ಮನ್ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮ, ಲೋಟ ತೊಳೆಯೋಕೆ ಬಂದ್ಯಾ?" ಅಂದನಂತೆ. ಅವಳು ಬೆಂಚಿನ ಮೇಲಿದ್ದ ಸ್ಟೀರಿಂಗ್ ಬಾಕ್ಸನ್ನು ಬಿಚ್ಚಿದಳು. ಒಳಗೆ ಬೇರಿಂಗ್ ಒಡೆದಿತ್ತು. ಅದರಿಂದ ಉದುರಿದ ಉಕ್ಕಿನ ಗುಂಡೊಂದನ್ನು ಹೆಕ್ಕಿ ಫೋರ್‌ಮನ್ನನ ಟೀ ಲೋಟದೊಳಕ್ಕೆ ಟಣ್ ಎಂದು ಹಾಕಿದಳು. "ನಿಮ್ಮ ಬಸ್ಸು ರಸ್ತೇಲಿ ತೂರಾಡ್ತಿದ್ದದ್ದು ಇದರಿಂದ. ಲೋಟ ನೀವೇ ತೊಳ್ಕೊಳ್ಳಿ." ಆ ಗುಂಡು ಆಮೇಲೆ ಅವಳ ಜೇಬು ಸೇರಿತು, ಕೊನೆವರೆಗೂ ಜೇಬಿನಲ್ಲೇ ಇತ್ತು.

ಇನ್ನೊಂದು ಕತೆಯನ್ನೂ ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮುಂದೆ ಅದೇ ಕತೆ ಅವಳ ಕೊರಳಿಗೆ ಸುತ್ತಿಕೊಂಡಿತು. ತಿರುಗಿಸುವ ಕೈಗೆ ಪಂಪಿನ ಬಲ ಕೂಡಿಸುವ ಪವರ್ ಸ್ಟೀರಿಂಗ್ ಆಗಿನ ಬಸ್ಸುಗಳಿಗೆ ಇರಲಿಲ್ಲ. ನಲವತ್ತು ದಾಟುವಷ್ಟರಲ್ಲಿ ಡ್ರೈವರುಗಳ ಭುಜ ಕೆಲಸಕ್ಕೆ ಬಾರದೆ ಹೋಗುತ್ತಿತ್ತು. ಮ್ಯಾನೇಜರನ್ನು ಕೇಳಿದರೆ, "ಹಿಂದಿನವರು ಓಡಿಸಲಿಲ್ವಾ?" ಎನ್ನುತ್ತಿದ್ದ. ಗಟ್ಟಿಗಿತ್ತಿ ಒಂದು ಮಧ್ಯಾಹ್ನ ವರ್ಕ್‌ಶಾಪಿನವರನ್ನೆಲ್ಲ ಒಂದು ಬಸ್ಸಿನಲ್ಲಿ ತುಂಬಿ, ಮ್ಯಾನೇಜರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ, "ಸರ್, ಒಂದೇ ಒಂದು ಸಲ ಪೂರ್ತಿ ಬಲಕ್ಕೆ ತಿರುಗಿಸಿ" ಎಂದಳು. ನಿಂತ ಬಸ್ಸು. ಮ್ಯಾನೇಜರ್ ತಿರುಗಿಸಿದ, ತಿರುಗಿಸಿದ, ಅಂಗಿಯ ಗುಂಡಿ ಕಿತ್ತು ಗಾಜಿಗೆ ಬಡಿಯಿತು, ಸ್ಟೀರಿಂಗ್ ಮಾತ್ರ ಅರ್ಧ ಸುತ್ತೂ ಬರಲಿಲ್ಲ. ಆ ವರ್ಷವೇ ದೂರದ ಬಸ್ಸುಗಳಿಗೆ ಪವರ್ ಸ್ಟೀರಿಂಗ್ ಬಂತು.

ಹಳದಿ ಕಾರು ಅವಳಿಗೆ ಸಿಕ್ಕಿದ್ದು ಗುಜರಿಯಲ್ಲಿ. ಅದರ ನೆತ್ತಿಯ ಮೇಲೆ ಮರ ಬಿದ್ದಿತ್ತು. ನಾಲ್ಕು ವರ್ಷದ ಭಾನುವಾರಗಳನ್ನು ಅದಕ್ಕೆ ಹಾಕಿ ಎಬ್ಬಿಸಿ ನಿಲ್ಲಿಸಿದಳು. ಅದರ ಸ್ಟೀರಿಂಗಿಗೆ ಯಾವ ಪಂಪೂ ಇಲ್ಲ, ಮೋಟರೂ ಇಲ್ಲ. ಕೈ ತಿರುಗಿಸಿದರೆ ಚಕ್ರ ತಿರುಗಬೇಕು, ಅಷ್ಟೇ. ತಂಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವಾಗ, "ಎಡಗಡೆ ಮುಂದಿನ ಟೈರಲ್ಲಿ ಗಾಳಿ ಇಳಿದಿದೆ ಕಣೇ" ಎನ್ನುವಳು. ಗಾಳಿ ಹಾಕುವವನು ಅಳೆದರೆ ಎಳ್ಳಷ್ಟೇ ಇಳಿದಿರುತ್ತಿತ್ತು. ಹೇಗೆ ಗೊತ್ತಾಯಿತು ಎಂದರೆ, "ರಸ್ತೆ ಹೇಳ್ತು" ಎನ್ನುವಳು, ಪಕ್ಕದ ಮನೆಯವರು ಹೇಳಿದರು ಎಂಬಷ್ಟು ಸಲೀಸಾಗಿ.

ಹೀಗಿರುವಾಗ, ಅರವತ್ತೇಳನೇ ವಯಸ್ಸಿನಲ್ಲಿ ಅವಳ ಬಲಭುಜ ಮುರಿಯಿತು. ಪವರ್ ಸ್ಟೀರಿಂಗ್ ಇಲ್ಲದ ಕಾರಿನಿಂದ ಮುರಿಯಿತು ಎಂದು ಬೀದಿಯೆಲ್ಲ ಸುದ್ದಿ. ಮುರಿದದ್ದು ಬಲ್ಬು ಬದಲಿಸಲು ಹತ್ತಿದ್ದ ಸ್ಟೂಲಿನಿಂದ. "ಹಾಗಾದ್ರೆ ಸ್ಟೂಲಿಗೂ ಪವರ್ ಸ್ಟೀರಿಂಗ್ ಹಾಕಿಸಿ!" ಎಂದು ಅವಳು ಆಸ್ಪತ್ರೆಯ ಮಂಚದ ಮೇಲಿಂದಲೇ ಕೂಗಿದ್ದಳು.

ಭುಜ ಕೂಡಿತು, ಬಲ ಮಾತ್ರ ಪೂರ್ತಿ ಮರಳಲಿಲ್ಲ. ಅದೇ ಹೊತ್ತಿಗೆ ತಂಗಿಯ ಮಂಡಿಯೂ ಮೆಟ್ಟಿಲಿನ ಜೊತೆ ಜಗಳ ತೆಗೆದಿತ್ತು. ತಂಗಿಯ ಮಗಳು ಫಿಸಿಯೋಥೆರಪಿಸ್ಟ್. ಲಿಫ್ಟ್ ಇರುವ ಕಟ್ಟಡವೊಂದರಲ್ಲಿ ಅವಳ ಮನೆ. ಪಕ್ಕದ ಫ್ಲಾಟ್ ಖಾಲಿಯಾದಾಗ ಇಬ್ಬರೂ ಅಲ್ಲಿಗೇ ಬನ್ನಿ ಎಂದಳು. ಗಟ್ಟಿಗಿತ್ತಿ ಒಪ್ಪಿದಳು. ಆಮೇಲೆ ಮಗಳು ಒಂದು ರಟ್ಟಿನ ಪೆಟ್ಟಿಗೆ ತಂದು ಊಟದ ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಹಳೆಯ ಕಾರಿನ ಸ್ಟೀರಿಂಗಿಗೆ ಜೋಡಿಸುವ ಕರೆಂಟಿನ ಮೋಟರು.

"ದೊಡ್ಡಮ್ಮ, ಅಲ್ಲಿ ಕಾರು ನಿಲ್ಲಿಸೋದು ನೆಲಮಾಳಿಗೇಲಿ. ನಮಗೆ ಸಿಕ್ಕಿರೋದು ಹನ್ನೊಂದನೇ ಜಾಗ, ಕಂಬಕ್ಕೂ ಗೋಡೆಗೂ ನಡುವೆ. ನನ್ನ ಕಾರನ್ನೇ ಮೂರು ಸಲ ಹಿಂದೆ ಮುಂದೆ ಮಾಡಿ ನುಗ್ಗಿಸಬೇಕು. ಇದನ್ನ ಹಾಕಿಸ್ಕೋ. ಇಲ್ಲಾಂದ್ರೆ ಕಾರನ್ನ ಮಾರಿಬಿಡು."

"ಇನ್ನೊಂದು ಸಲ ಹೇಳು?"

"ಮಾರಿಬಿಡು ಅಂದೆ."

"ನಿನ್ನಮ್ಮನ್ನ ಮಾರ್ತೀನಿ. ಅವಳಿಗೆ ಮಂಡಿ ಕೆಟ್ಟಿದೆ, ಕಾರಿಗೆ ಏನೂ ಕೆಟ್ಟಿಲ್ಲ."

"ನನ್ನನ್ನ ಯಾಕೆ ಎಳೀತೀಯೇ ನಡುವೆ?" ಎಂದು ತಂಗಿ ಅಡುಗೆಮನೆಯಿಂದಲೇ ಗೊಣಗಿದಳು.

ಮಗಳು ಸುಮ್ಮನಾಗುವವಳಲ್ಲ, ಅವಳದ್ದೂ ಅದೇ ರಕ್ತ. ರೋಗಿಗಳ ಬಲ ಅಳೆಯುವ ತೂಕದ ಕೊಕ್ಕೆಯೊಂದು ಅವಳ ಚೀಲದಲ್ಲಿತ್ತು. ಮೊದಲು ದೊಡ್ಡಮ್ಮನ ಬಲಗೈಯಿಂದ ಎಳೆಸಿದಳು. ಆರು ಕಿಲೋ. ಆಮೇಲೆ ಶೆಡ್ಡಿಗೆ ಹೋಗಿ ಕೊಕ್ಕೆಯನ್ನು ಸ್ಟೀರಿಂಗಿಗೆ ಸಿಕ್ಕಿಸಿ ಎಳೆದಳು. ಸ್ಟೀರಿಂಗ್ ಕದಲುವಷ್ಟರಲ್ಲಿ ಮುಳ್ಳು ಹನ್ನೊಂದು ಮುಟ್ಟಿತ್ತು.

"ಆರು, ಹನ್ನೊಂದು. ಮುಗೀತು. ನೀನೇ ಅಲ್ವಾ ಮ್ಯಾನೇಜರನ್ನ ನಿಂತ ಬಸ್ಸಲ್ಲಿ ಕೂರಿಸಿ ಪವರ್ ಸ್ಟೀರಿಂಗ್ ತರಿಸಿದವಳು? ಚಿಕ್ಕವಳಿದ್ದಾಗಿಂದ ಈ ಕತೆ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಡ್ರೈವರುಗಳ ಭುಜ ಭುಜ, ನಿಂದು ಕಬ್ಬಿಣವಾ?"

ಗಟ್ಟಿಗಿತ್ತಿಯ ಪಾಠವನ್ನು ಅವಳಿಗೇ ಒಪ್ಪಿಸಿದ್ದಳು ಹುಡುಗಿ. ಗಟ್ಟಿಗಿತ್ತಿ ಕೊಕ್ಕೆಯತ್ತ ಬೆರಳು ಮಾಡಿದಳು.

"ಅರವತ್ತು ಜನ ತುಂಬಿದ ಬಸ್ಸು ದಿನಕ್ಕೆ ನೂರು ಸಲ ನಿಂತಲ್ಲೇ ತಿರುಗ್ಬೇಕು, ಎಂಟು ಗಂಟೆ. ಅದಕ್ಕೇ ಕೇಳಿದ್ದು. ನೀನು ಈಗ ಅಳೆದದ್ದು ನಿಂತ ಕಾರನ್ನ. ನಿಂತ ಕಾರಲ್ಲಿ ಕೂತು ನಾನು ಎಲ್ಲಿಗೆ ಹೋಗ್ಬೇಕೇ? ಬಾ ಇಲ್ಲಿ. ತಳ್ಳಿ ಇದನ್ನ!"

ಪಕ್ಕದ ಮನೆಯ ದರ್ಜಿ ಬೇಲಿಯಾಚೆಯಿಂದ ಎಲ್ಲ ಕೇಳಿಸಿಕೊಳ್ಳುತ್ತಿದ್ದ, ಅವನನ್ನೂ ಕರೆದಳು. ಕೀಲಿ ತಿರುಗಿಸಿ ಸ್ಟೀರಿಂಗಿನ ಬೀಗ ಬಿಡಿಸಿದಳು. ದರ್ಜಿ ಒಂದು ಕಡೆ, ಮಂಡಿ ನೋವಿನ ತಂಗಿ ಇನ್ನೊಂದು ಕಡೆ, ಹಳದಿ ಕಾರನ್ನು ಅಂಗಳದಲ್ಲಿ ಆಮೆಯ ವೇಗದಲ್ಲಿ ತಳ್ಳಿದರು. ಮಗಳು ಕಿಟಕಿಯೊಳಗೆ ಕೈಹಾಕಿ, ಜೊತೆಗೇ ನಡೆಯುತ್ತಾ ಕೊಕ್ಕೆ ಎಳೆದಳು. ಮುಳ್ಳು ಮೂರರಲ್ಲೇ ನಿಂತಿತು.

"ಎಷ್ಟು?"

ದರ್ಜಿ ಬಗ್ಗಿ ನೋಡಿ, "ಮೂರು, ಅಕ್ಕ! ಮೂರೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

"ಕಾರು ಉರುಳ್ತಾ ಇದ್ರೆ ನನಗೆ ಮೂರು ಕಿಲೋ ಸಾಕು. ಪವರ್ ಸ್ಟೀರಿಂಗ್ ಇರೋರು ಕಾರು ನಿಲ್ಲಿಸ್ಕೊಂಡು ಗರಗರ ತಿರುಗಿಸ್ತಾರೆ. ನಾನು ನಿಂತಾಗ ಮುಟ್ಟೋದೇ ಇಲ್ಲ."

"ಅಂಗಳ ಸರಿ ದೊಡ್ಡಮ್ಮ. ಹನ್ನೊಂದನೇ ಜಾಗದಲ್ಲಿ ಉರುಳೋಕೆ ಜಾಗ ಎಲ್ಲಿದೆ? ಶಕ್ತಿ ಕಮ್ಮಿ ಆದಾಗ ಸಹಾಯ ತಗೊಂಡ್ರೆ ಅವಮಾನ ಏನಿದೆ?"

"ಅವಮಾನ ಅಂತ ಯಾರಂದ್ರು? ಬೇಕಾದಾಗ ಕೇಳ್ತೀನಿ, ಬಾಯಿದೆ. ಆದ್ರೆ ಬೇಕು ಅಂತ ನಾನು ಹೇಳ್ಬೇಕು, ನೀನಲ್ಲ. ನನ್ನ ಕೈಗೂ ರಸ್ತೆಗೂ ನಡುವೆ ದುಭಾಷಿ ಬೇಡ."

ಕೊನೆಗೆ ಒಪ್ಪಂದವಾಯಿತು. ಮನೆ ಬದಲಿಸುವ ಮುಂಚೆ ಒಂದು ದಿನ ಗಟ್ಟಿಗಿತ್ತಿ ಕಾರನ್ನು ಹನ್ನೊಂದನೇ ಜಾಗದಲ್ಲಿ ನಿಲ್ಲಿಸಿ ತೋರಿಸಬೇಕು. ನಿಂತ ಕಾರಿನ ಸ್ಟೀರಿಂಗ್ ಒಮ್ಮೆ ತಿರುಗಿಸಿದರೂ, ಕಂಬಕ್ಕೆ ಉಗುರಷ್ಟು ತಗುಲಿದರೂ ಪೆಟ್ಟಿಗೆ ಬಿಚ್ಚಿ ಮೋಟರು ಕೂರಿಸುವುದು. ಗೆದ್ದರೆ ಆ ಮಾತನ್ನು ಮತ್ತೆ ಯಾರೂ ಎತ್ತಬಾರದು.

ಮರುದಿನ ಅವಳು ಟೇಪು, ಸೀಮೆಸುಣ್ಣ ಹಿಡಿದು ನೆಲಮಾಳಿಗೆಗೆ ಹೋದಳು. ಕಂಬ, ಗೋಡೆ, ಇಳಿಜಾರಿನ ಕೊನೆ ಎಲ್ಲವನ್ನೂ ಅಳೆದಳು. ಜೇಬಿನಿಂದ ಉಕ್ಕಿನ ಗುಂಡು ತೆಗೆದು ನೆಲದ ಮೇಲೆ ಬಿಟ್ಟಳು. ಕಾವಲುಗಾರ, "ಏನಮ್ಮ, ಈ ವಯಸ್ಸಲ್ಲಿ ಗೋಲಿ ಆಟವಾ?" ಎಂದು ನಕ್ಕ. ಗುಂಡು ಹನ್ನೊಂದನೇ ಜಾಗದಿಂದ ಹೊರಗೆ ಉರುಳಿ, ಎದುರಿಗಿದ್ದ ನೀರು ಹೋಗುವ ಜಾಲರಿಯ ಮೇಲೆ ನಿಂತಿತು. ಅವಳು ಅದನ್ನು ಎತ್ತಿಕೊಂಡು, "ನಾನು ಗೆದ್ದೆ" ಎಂದು ಹೊರಟಳು.

ಅದೇ ಅಳತೆಗೆ ಮನೆಯೆದುರಿನ ಬೀದಿಯಲ್ಲಿ ಗೆರೆ ಎಳೆದಳು. ಕಂಬದ ಬದಲು ಖಾಲಿ ಬಣ್ಣದ ಡಬ್ಬಗಳು. ಮೊದಲ ಬೆಳಿಗ್ಗೆ ಐದು ಡಬ್ಬ ಉರುಳಿದವು, ಮೂರು ಮನೆಯವರು ಬಾಗಿಲಿಗೆ ಬಂದರು. ಎರಡನೆಯ ಬೆಳಿಗ್ಗೆ ಮೂರು. ಮುಂದಿನಿಂದ ನುಗ್ಗಿದರೆ ಆಗದು ಎಂದು ನಾಲ್ಕನೆಯ ದಿನ ಗೊತ್ತಾಯಿತು. ಜಾಗವನ್ನು ದಾಟಿ ಮುಂದೆ ಹೋಗಿ, ಹಿಂದಕ್ಕೆ ಒಂದೇ ಬಾಗಿನಲ್ಲಿ ಬರಬೇಕು. ಎಳೆಯುವ ಕೆಲಸ ಎಡಗೈಗೆ, ಬಲಗೈ ಸುಮ್ಮನೆ ಜೊತೆಗಿದ್ದರೆ ಸಾಕು. ಹನ್ನೆರಡನೆಯ ದಿನ ಡಬ್ಬಗಳು ನಿಂತಲ್ಲೇ ನಿಂತಿದ್ದವು, ಬೀದಿಯವರಿಗೆ ನೋಡಲು ಏನೂ ಉಳಿಯದೆ ಒಳಗೆ ಹೋದರು.

ಪರೀಕ್ಷೆಯ ದಿನ ತಂಗಿ ಒಂದು ಕಂಬಕ್ಕೆ ಒರಗಿ ನಿಂತಳು, ಮಗಳು ಇನ್ನೊಂದಕ್ಕೆ. ಹಳದಿ ಕಾರು ಇಳಿಜಾರು ಇಳಿದು, ಹನ್ನೊಂದನ್ನು ದಾಟಿ, ಹಿಂದಕ್ಕೆ ಬಾಗಿತು. ಅರ್ಧ ಬಂದಾಗ ಗಕ್ಕನೆ ನಿಂತಿತು. ಹತ್ತನೇ ಜಾಗದ ಯಾರೋ ಆ ದಿನವೇ ಸೈಕಲ್ಲೊಂದನ್ನು ಓರೆಯಾಗಿ ನಿಲ್ಲಿಸಿದ್ದರು, ಅದರ ಹಿಡಿ ಇತ್ತ ಚಾಚಿಕೊಂಡಿತ್ತು. ಹಾಗೇ ಬಂದರೆ ಸೈಕಲ್ಲಿಗೆ ಬಡಿಯುತ್ತದೆ. ಬಡಿಯದಿರಬೇಕಾದರೆ ಸ್ಟೀರಿಂಗನ್ನು ಅತ್ತ ತಿರುಗಿಸಬೇಕು. ಕಾರು ನಿಂತಿದೆ.

ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಗಳಿಗೇ ತಡೆಯಲಾಗಲಿಲ್ಲ, "ಇರು ದೊಡ್ಡಮ್ಮ, ಸೈಕಲ್ ತೆಗೀತೀನಿ, ಅದು ಲೆಕ್ಕಕ್ಕಿಲ್ಲ" ಎಂದು ಓಡಿದಳು.

"ಮುಟ್ಟಬೇಡ ಅದನ್ನ!"

"ತಪ್ಪು ನಿನ್ನದಲ್ಲ..."

"ನಾಳೆ ಅಲ್ಲಿ ಯಾರ ಗಾಡಿ ಇರುತ್ತೋ? ದಿನಾ ನೀನು ಬಂದು ತೆಗೀತೀಯಾ? ಸರಿ ಆಚೆಗೆ."

ಮಗಳು ಸರಿದಳು. ಗಟ್ಟಿಗಿತ್ತಿ ಗೇರು ಬಿಡಿಸಿ, ಬ್ರೇಕಿನಿಂದ ಮೆಲ್ಲನೆ ಕಾಲು ತೆಗೆದಳು. ಏನೂ ಆಗಲಿಲ್ಲ. ಆಮೇಲೆ, ಉಕ್ಕಿನ ಗುಂಡು ಹೋಗಿದ್ದ ದಾರಿಯಲ್ಲೇ, ಕಾರು ತಾನಾಗಿ ಜಾಲರಿಯತ್ತ ಉರುಳತೊಡಗಿತು. ಒಂದು ಗೇಣು. ಎರಡು ಗೇಣು. ಅಷ್ಟರಲ್ಲಿ ಎಡಗೈ ತನ್ನ ಕೆಲಸ ಮುಗಿಸಿತ್ತು. ಹಿಂದಿನ ಗೇರು ಹಾಕಿದಳು. ಕಾರು ಸೈಕಲ್ಲಿಗೆ ಬೆರಳಿನಷ್ಟು ಜಾಗ ಬಿಟ್ಟು, ಕಂಬಕ್ಕೆ ಅಂಗೈಯಷ್ಟು ಬಿಟ್ಟು, ಗೂಡಿಗೆ ಹಕ್ಕಿ ಸೇರಿದಂತೆ ಒಳಗೆ ಕೂತಿತು.

ಮಗಳು ಕಂಬಕ್ಕೂ ಕಾರಿಗೂ ನಡುವೆ ಅಂಗೈ ಇಳಿಸಿ ನೋಡಿ ನಗಲಾರಂಭಿಸಿದಳು. "ಹಠಮಾರಿ."

"ಹೌದು. ಪೆಟ್ಟಿಗೆ ಎಲ್ಲಿದೆ?"

"ವಾಪಸ್ ಕೊಡ್ತೀನಿ ಬಿಡು."

"ವಾಪಸ್ ಯಾಕೆ? ನಂಗೆ ಕೆಲಸ ಇದೆ."

ಆ ಮೋಟರನ್ನು ಅವಳು ತನ್ನ ಕೈಯಾರೆ ದರ್ಜಿಯ ಹಳೆಯ ಕಾರಿಗೆ ಕೂರಿಸಿದಳು. ಅದು ದಪ್ಪನೆಯ ಗಾಡಿ. ಕತ್ತರಿ ಹಿಡಿದು ಹಿಡಿದು ದರ್ಜಿಯ ಮಣಿಕಟ್ಟು ಸೋತಿತ್ತು. ಮೋಟರನ್ನು ಹಿಡಿದಿಡುವ ಕಬ್ಬಿಣದ ಪಟ್ಟಿ ಹೊಂದಲಿಲ್ಲ, ಎರಡು ದಿನ ಅರದಿಂದ ಉಜ್ಜಿ ಉಜ್ಜಿ ಹೊಂದಿಸಿದಳು. ದರ್ಜಿ ಒಂದೇ ಬೆರಳಿನಲ್ಲಿ ಸ್ಟೀರಿಂಗ್ ತಿರುಗಿಸಿ ಕಣ್ಣರಳಿಸಿದ. "ಅಕ್ಕ, ಇಷ್ಟು ಸುಖದ್ದನ್ನ ನೀನು ಬೇಡ ಅಂದೆಯಾ?"

"ನಿಂಗೆ ಬೇಕಿತ್ತು, ನೀನು ಕೇಳಿದೆ, ನಾನು ಹಾಕಿದೆ. ನಂಗೆ ಬೇಡವಾಗಿತ್ತು, ಬೇಡ ಅಂದೆ. ಇದರಲ್ಲಿ ತಲೆ ಕೆರೆಯೋಕೆ ಏನಿದೆ?"

ಮನೆ ಬಿಡುವ ದಿನ ಬಂತು. ಸಾಮಾನಿನ ಲಾರಿ ಬೆಳಿಗ್ಗೆಯೇ ಹೋಗಿತ್ತು. ಶೆಡ್ಡಿನ ನೆಲದಲ್ಲಿ ನಾಲ್ಕು ಟೈರಿನ ಗುರುತು ಬಿಟ್ಟರೆ ಏನೂ ಇರಲಿಲ್ಲ. ಬೀದಿಯಲ್ಲಿ ಸೀಮೆಸುಣ್ಣದ ಗೆರೆಗಳು ಮಾಸಿ ಅಲ್ಲಲ್ಲಿ ತುಂಡು ತುಂಡಾಗಿ ಉಳಿದಿದ್ದವು. ಮಗಳು ತನ್ನ ಕಾರಿನ ಬಾಗಿಲು ತೆರೆದು, "ಇವತ್ತೊಂದು ದಿನ ನನ್ನ ಜೊತೆ ಬಾ ದೊಡ್ಡಮ್ಮ, ಸುಸ್ತಾಗಿದ್ದೀಯ" ಎಂದಳು. ಕೊಟ್ಟ ಮಾತು ನೆನಪಾಗಿ ತಾನೇ ಬಾಗಿಲು ಹಾಕಿಕೊಂಡಳು.

ತಂಗಿ ಹಳದಿ ಕಾರಿನಲ್ಲಿ ಆಗಲೇ ಕೂತಿದ್ದಳು, ತೊಡೆಯ ಮೇಲೆ ಗೋಡೆ ಗಡಿಯಾರ. "ಮೂರನೆಯವಳ ಕಂಬಳಿ ಎಲ್ಲಿಟ್ಟೆ?" ಎಂದಳು.

"ನಿನ್ನ ಮಂಡಿ ಮೇಲೆ ಹೊದ್ದಿದ್ದೀಯಲ್ಲ, ಅದೇ."

ದರ್ಜಿ ಮನೆಯ ಕೀಲಿ ಇಸಿದುಕೊಂಡು, ದನಿ ತಗ್ಗಿಸಿ, "ಒಂದು ಸಲ ತಿರುಗಿ ನೋಡಲ್ವಾ ಅಕ್ಕ?" ಎಂದ.

"ಕನ್ನಡಿ ಇದೆ" ಎಂದಳು ಗಟ್ಟಿಗಿತ್ತಿ.

ಗೇಟು ದಾಟಿದೊಡನೆ ಎಡಕ್ಕೆ ಹೊರಳಬೇಕು. ಎದುರಿಗೆ ಗೋಡೆ, ಪಕ್ಕದಲ್ಲಿ ಮಗಳ ಕಾರು. ಎರಡೂ ಕೈಯನ್ನು ಸ್ಟೀರಿಂಗಿನ ಮೇಲೆ ಇಟ್ಟಳು, ಎಳೆಯಲಿಲ್ಲ. ಕ್ಲಚ್ಚು ಬಿಟ್ಟಳು. ಕಾರು ಮೊದಲು ಒಂದು ಗೇಣು ಉರುಳಿತು. ಆಮೇಲೆ ತಿರುಗಿಸಿದಳು.