ಟೆಲಿಫೋನಿನ ಮುಂದೆ ಟೈ ಕಟ್ಟಿಕೊಂಡು

ಇವತ್ತು ಬೆಳಿಗ್ಗೆ ಮಂಗಳೂರಿನ ಆಸ್ಪತ್ರೆಗೆ ಹೊರಡುವಾಗ ಕಪಾಟಿನಿಂದ ಟೈ ತೆಗೆದೆ. ನುಸಿಗುಳಿಗೆಯ ವಾಸನೆ ಗಪ್ಪೆಂದು ಬಂತು. ಸ್ಕ್ಯಾನಿನ ಫಲಿತಾಂಶ ಕೇಳಲು ಟೈ ಏಕೆ ಎನ್ನುತ್ತೀರಿ. ಹೆಂಡತಿಯೂ ಅದನ್ನೇ ಕೇಳಿದಳು. ಭಯವಾದಾಗ ಟೈ ಕಟ್ಟುವುದು ನನ್ನ ಹಳೆಯ ಚಾಳಿ. ಕುತ್ತಿಗೆ ಬಿಗಿದಿದ್ದರೆ ಧ್ವನಿ ನಡುಗಿದ್ದು ಹೊರಗೆ ತಿಳಿಯುವುದಿಲ್ಲ.

ವರ್ಷಗಳ ಹಿಂದೆ, ಕುವೈತಿನಲ್ಲಿ ಕೆಲಸಕ್ಕಿದ್ದಾಗ, ಇದೇ ಟೈ ಕಟ್ಟಿಕೊಂಡು ಒಂದು ಆಗಸ್ಟ್ ಶುಕ್ರವಾರ ಎದುರು ಫ್ಲ್ಯಾಟಿನ ಲಾರೆನ್ಸನ ಮನೆಯಲ್ಲಿ ಕೂತಿದ್ದೆ. ಲಾರೆನ್ಸ್ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಪೈಪುಗಳನ್ನು ಪರೀಕ್ಷಿಸುವವನು. ಅವನ ಮಗಳು ಲವೀನಾಗೆ ದೂರದೇಶದ ವಿಶ್ವವಿದ್ಯಾಲಯವೊಂದು ಹೊಸ ದಾರಿ ತೋರಿಸಿತ್ತು: ಮೂರು ವರ್ಷ ಡಿಗ್ರಿ ಓದಿ ಅಂಕ ಉಳಿಸಿಕೊಂಡರೆ, ಪ್ರವೇಶ ಪರೀಕ್ಷೆಯಿಲ್ಲದೆ ನೇರ ಅಲ್ಲಿಯದೇ ಮೆಡಿಕಲ್ ಕಾಲೇಜಿಗೆ. ಸೀಟನ್ನು ಈಗಲೇ ಕಾದಿರಿಸುತ್ತಾರೆ. ಉಳಿದದ್ದು ಫೋನಿನಲ್ಲೊಂದು ಸಂದರ್ಶನ. ಅದು ಅವತ್ತೇ ಮಧ್ಯಾಹ್ನ.

"ಪೈಪಿನ ಹಾಗೆ ಮಾರಾಯ," ಎಂದ ಲಾರೆನ್ಸ್. "ಈ ಬಾಯಲ್ಲಿ ಹಾಕಿದ್ರೆ ಆ ಬಾಯಲ್ಲಿ ಡಾಕ್ಟರ್. ಖಲಾಸ್! ಮತ್ತೆ ನಾನು ನಿದ್ದೆ ಮಾಡ್ಬಹುದು."

ತಾಲೀಮಿಗೆ ನನ್ನನ್ನು ಅಧ್ಯಕ್ಷನನ್ನಾಗಿ ನೇಮಿಸಲಾಯಿತು. ಅರ್ಹತೆ: ಕುವೈತ್ ಪೇಟೆಯ ಮಿರ್ಕಾಬಿನ ಆಫೀಸೊಂದರಲ್ಲಿ ಗುಮಾಸ್ತಗಿರಿ, ಗಂಭೀರ ಮುಖ, ಸ್ವಂತ ಟೈ. ಎಸಿಯ ಸದ್ದು ಫೋನಿಗೆ ಕೇಳಬಾರದೆಂದು ಲಾರೆನ್ಸ್ ತಾಲೀಮಿನ ಹೊತ್ತಿಗೇ ಅದನ್ನು ಆರಿಸಿದ. ಆಗಸ್ಟಿನ ಕುವೈತಿನಲ್ಲಿ ಎಸಿ ಆರಿಸಿದ ತ್ಯಾಗವನ್ನು ಇತಿಹಾಸ ಇನ್ನೂ ಸರಿಯಾಗಿ ಗುರುತಿಸಿಲ್ಲ.

"ಯಾಕಮ್ಮ ಡಾಕ್ಟರಾಗ್ಬೇಕು?" ಎಂದೆ.

"ಟು ಸರ್ವ್ ಹ್ಯುಮ್ಯಾನಿಟಿ, ಅಂಕಲ್."

"ಎಂತ ಹ್ಯುಮ್ಯಾನಿಟಿ? ಲಿಫ್ಟಿನ ಬಾಗಿಲು ಯಾರಿಗಾದ್ರೂ ಹಿಡಿದದ್ದುಂಟಾ ನೀನು?"

ನಕ್ಕಳು. ಲಾರೆನ್ಸ್ ನೀರಿಗೆಂದು ಒಳಗೆ ಹೋದ ಕ್ಷಣ ಮುಂದಕ್ಕೆ ಬಾಗಿ ಪಿಸುಗುಟ್ಟಿದಳು: "ಆಕ್ಚುಲಿ, ಐ ಡೋಂಟ್ ನೋ ಅಂಕಲ್. ತ್ರೀ ಇಯರ್ಸ್ ಇದೆಯಲ್ಲ, ನೋಡ್ಬಹುದು. ಅದಕ್ಕೇ ನಂಗಿದು ಇಷ್ಟ. ಡ್ಯಾಡಿಗೆ ಹೇಳ್ಬೇಡಿ."

ಯೋಚನೆ ಮುಗಿಯಿತೆಂದು ಅಪ್ಪ ಹಿಗ್ಗುತ್ತಿದ್ದ ಸೀಟಿನಲ್ಲಿ ಕೂತು ಮಗಳು ಯೋಚನೆ ಶುರುಮಾಡಲಿದ್ದಳು. "ನೀನು ಹ್ಯುಮ್ಯಾನಿಟಿಯನ್ನೇ ಹೇಳು," ಎಂದೆ.

ಫೋನು ಬಡಿದುಕೊಂಡಿತು. ಸ್ಪೀಕರಿನಲ್ಲಿ ಹೆಂಗಸೊಬ್ಬಳ ಧ್ವನಿ, ನನ್ನದೇ ಪ್ರಶ್ನೆ. ಲವೀನಾ ನನ್ನ ಕಡೆ ನೋಡಿದಳು. ಫೋನಿಗೆ ಕಾಣದ ಟೈಯನ್ನು ಸರಿಪಡಿಸಿಕೊಂಡು ತಲೆಯಾಡಿಸಿದೆ.

ಅವಳು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು: ನನಗಿನ್ನೂ ಗೊತ್ತಿಲ್ಲ. ವಿಜ್ಞಾನ ಇಷ್ಟ. ಕಾಯಿಲೆಯವರ ಹತ್ತಿರ ಕೂರಲು ನನ್ನಿಂದ ಆಗುತ್ತದೆಯೇ ಎಂದು ಈ ಮೂರು ವರ್ಷದಲ್ಲಿ ನೋಡಬೇಕು. ಆಗದಿದ್ದರೆ ಸೀಟು ಬಿಡುತ್ತೇನೆ.

ನೀರು ತಂದಿದ್ದ ಲಾರೆನ್ಸ್ ಗೋಡೆ ಹಿಡಿದು ನಿಂತ. ಆ ಕಡೆಯವರು ಇನ್ನೂ ಏನೇನೋ ಕೇಳಿ, ಥ್ಯಾಂಕ್ಸ್ ಹೇಳಿ ಫೋನು ಇಟ್ಟರು.

"ಸೀಟು ಬಿಡ್ತೀಯಾ? ಸಿಗುವ ಮೊದಲೇ ಬಿಡ್ತೀಯಾ?"

"ಪೈಪಿಗೆ ವಾಲ್ವ್ ಇರ್ತದಲ್ಲ, ಡ್ಯಾಡಿ?"

ವಾಲ್ವಿಲ್ಲದ ಪೈಪಿಗೆ ಎಂದೂ ಸಹಿ ಹಾಕದ ಮನುಷ್ಯ ಹೋಗಿ ಎಸಿ ಹಾಕಿದ.

ಸಂದರ್ಶನದ ಫಲಿತಾಂಶ ಬರುವವರೆಗೆ ಅವನು ನನ್ನೊಡನೆ ಮಾತಾಡಲಿಲ್ಲ. ಹುಡುಗಿಗೆ ನಾನೇ ಹೇಳಿಕೊಟ್ಟೆನೆಂದು ಗುಮಾನಿ. ಲಿಫ್ಟಿನಲ್ಲಿ ಇಬ್ಬರೂ ನೆಲ ನೋಡುತ್ತಿದ್ದೆವು. ಕಡೆಗೆ ಸೀಟು ಕೊಟ್ಟರು. ಡಿಗ್ರಿ ಮುಗಿದ ಮೇಲೂ ಲವೀನಾ ಮೆಡಿಕಲ್ಲಿಗೆ ಹೂಂ ಎನ್ನಲು ಬೇಕಾದಷ್ಟು ದಿನ ತೆಗೆದುಕೊಂಡಳು. ಅಷ್ಟು ದಿನವೂ ಲಾರೆನ್ಸ್ ಅವಳನ್ನು ಒತ್ತಾಯಿಸಲಿಲ್ಲ. ಆಮೇಲೆ ನನಗೆ ಹೇಳಿದ: "ಹೋದಳು ಮಾರಾಯ. ವಾಲ್ವ್ ಅವಳೇ ತೆರೆದದ್ದು."

ಇವತ್ತಿನ ಡಾಕ್ಟರೂ ಚಿಕ್ಕ ಹುಡುಗ. ನನ್ನ ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ಎಂತ ಅಂತ ಈಗ ಗೊತ್ತಾಗ್ತಾ ಇಲ್ಲ ಸರ್. ಇನ್ನೊಂದು ಟೆಸ್ಟ್ ಮಾಡಿ ನೋಡುವ."

ಹಿಂದಾದರೆ ಎದ್ದು, ಎಲ್ಲ ಗೊತ್ತಿದೆ ಎನ್ನುವ ಡಾಕ್ಟರನ್ನು ಹುಡುಕಿಕೊಂಡು ಹೊರಡುತ್ತಿದ್ದೆ. ಇವತ್ತು ಟೈ ಬಿಚ್ಚಿ ಜೇಬಿಗೆ ತುರುಕಿ, "ನೋಡುವ," ಎಂದೆ. ಧ್ವನಿ ನಡುಗಿತು. ನಡುಗಲಿ ಎಂದು ಬಿಟ್ಟೆ.